ಅಂಜಿನಪ್ಪ ಹಾಸಿದ ಬಟ್ಟೆ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಸೋಕು ಇವುಗಳನ್ನು ನಾನು ನಂಬಿದವಳಲ್ಲ. ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲೇ ಶವಾಗಾರದ ಪಕ್ಕದ ಕೋಣೆಯಲ್ಲಿ ಕೂತು ಬುತ್ತಿ ಬಿಚ್ಚಿ ಉಂಡವಳು ನಾನು. ಚನ್ನರಾಯನದುರ್ಗದ ನಮ್ಮ ಮನೆಯಲ್ಲಿ ಅಮಾವಾಸ್ಯೆ ಬಂತೆಂದರೆ ಅತ್ತೆ ಬಾಗಿಲಿಗೆ ನಿಂಬೆಹಣ್ಣು ಕಟ್ಟಿ, ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಬೇಡ ಎಂದು ನನ್ನ ಹಿಂದೆ ಬೀಳುತ್ತಿದ್ದರು. “ದೆವ್ವಕ್ಕೆ ಅಷ್ಟೊಂದು ಪುರುಸೊತ್ತಿದ್ರೆ ನಮ್ ವಾರ್ಡಿಗೆ ಕಳ್ಸಿ ಅತ್ತೆ, ನೈಟ್ ಡ್ಯೂಟಿಗೆ ಜನ ಸಾಲ್ತಿಲ್ಲ” ಎನ್ನುತ್ತಿದ್ದೆ. ಅವರು ಮುಖ ಸಿಂಡರಿಸಿಕೊಂಡು ಒಳಗೆ ಹೋಗುತ್ತಿದ್ದರು. ಯಾರಾದರೂ ಅದನ್ನು ಕಂಡೆ, ಇದನ್ನು ಕೇಳಿದೆ ಎಂದರೆ ಅವರ ಬಿ.ಪಿ. ನೋಡಬೇಕು ಅನ್ನಿಸುತ್ತಿತ್ತೇ ಹೊರತು ಕಥೆ ಕೇಳಬೇಕು ಅನ್ನಿಸುತ್ತಿರಲಿಲ್ಲ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ಕಂಡದ್ದು ಇಷ್ಟು, ಆಮೇಲೆ ನಡೆದದ್ದು ಇಷ್ಟು ಎಂದು ಒಮ್ಮೆ ಪೂರ್ತಿ ಹೇಳಿಬಿಡಬೇಕಾಗಿದೆ.

ಆಗ ನಾನು ಮಧುಗಿರಿಗೂ ಸಿರಾಕ್ಕೂ ನಡುವಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಆಸ್ಪತ್ರೆಯ ಹೆಸರು ಬೇಡ, ಅಲ್ಲಿದ್ದವರು ಬಹಳ ಮಂದಿ ಇನ್ನೂ ಇದ್ದಾರೆ. ಪಾವಗಡದ ಕಡೆ ಸೋಲಾರ್ ಪಾರ್ಕ್ ಎದ್ದು, ವಳ್ಳೂರಿನ ಸುತ್ತಮುತ್ತ ಹೊಲಗಳಿದ್ದ ಜಾಗದಲ್ಲಿ ಕಣ್ಣು ಹಾಯುವಷ್ಟು ದೂರ ಗಾಜಿನ ಹಲಗೆಗಳು ನಿಂತಿದ್ದ ಕಾಲ. ಮಿಷನ್ನಿನವರ ಹತ್ತಿರ ಒಂದು ಸಣ್ಣ ವಿಮಾನವಿತ್ತು. ಒಂದೇ ಎಂಜಿನ್ನಿನದು. ಪೈಲಟ್ ಪಕ್ಕದಲ್ಲಿ ಒಬ್ಬರು ಕೂರಬಹುದು. ಹಿಂದಿನ ಸೀಟು ಕಿತ್ತುಹಾಕಿ ಸ್ಟ್ರೆಚರ್ ಕೂರಿಸಿದ್ದರು. ಮೊದಲು ಅದು ಈಶಾನ್ಯದ ಬೆಟ್ಟಗಳಲ್ಲಿ, ರಸ್ತೆಯೇ ಇಲ್ಲದ ಊರುಗಳಿಗೆ ಔಷಧಿ ಹೊತ್ತು ಹಾರುತ್ತಿತ್ತಂತೆ. ಅಲ್ಲಿಂದ ಇಲ್ಲಿಗೆ ಬಂದಾಗ ನಗಾಡಿದವರೇ ಹೆಚ್ಚು. ಬಸ್ಸು ಓಡಾಡುವ ಸೀಮೆಗೆ ವಿಮಾನ ಯಾಕೆ, ಜಾತಿ ಕೆಡಿಸುವುದಕ್ಕೆ ಇದೂ ಒಂದು ದಾರಿ ಎಂದವರೂ ಇದ್ದರು. ನಮ್ಮತ್ತೆಯಂತೂ ನನ್ನ ಕೊರಳಲ್ಲಿ ಲಿಂಗದ ಕರಡಿಗೆ ಇನ್ನೂ ಇದೆಯೇ ಎಂದು ಆಗಾಗ ಕಣ್ಣಲ್ಲೇ ತಪಾಸಣೆ ಮಾಡುತ್ತಿದ್ದರು. ಆದರೆ ಗಡಿಯ ಹಳ್ಳಿಯಿಂದ ಹಾವು ಕಚ್ಚಿದವರನ್ನೋ ರಕ್ತ ಹೋಗುತ್ತಿರುವ ಬಾಣಂತಿಯನ್ನೋ ಟೆಂಪೋದಲ್ಲಿ ಮಲಗಿಸಿಕೊಂಡು, ರಕ್ತ ಸಿಗುವ ಆಸ್ಪತ್ರೆ ಹುಡುಕುತ್ತಾ ಒಮ್ಮೆ ಹೊರಟು ನೋಡಿ. ವಿಮಾನ ಯಾಕೆ ಅನ್ನುವ ಪ್ರಶ್ನೆ ಆಮೇಲೆ ಬಾಯಿಗೆ ಬರುವುದಿಲ್ಲ.

ವಿಮಾನ ನಡೆಸುತ್ತಿದ್ದವರು ಕ್ಯಾಪ್ಟನ್ ಜಯರಾಜ್. ಕೋಲಾರದ ಕಡೆಯ ಕ್ರೈಸ್ತರು, ಐವತ್ತು ದಾಟಿದವರು, ಮಾತು ಕಡಿಮೆ. ಎಂಜಿನ್ ಚಾಲೂ ಮಾಡುವ ಮೊದಲು ತಲೆ ತಗ್ಗಿಸಿ ಪ್ರಾರ್ಥನೆ ಮಾಡುತ್ತಿದ್ದರು. ಅವರು ಆಮೆನ್ ಅನ್ನುವ ಹೊತ್ತಿಗೆ ನಾನೂ ಕರಡಿಗೆ ಮುಟ್ಟಿಕೊಂಡು ಶಿವಾ ಅಂದಿರುತ್ತಿದ್ದೆ. “ಇಬ್ಬರದ್ದೂ ಆಯ್ತಲ್ಲ ಸಿಸ್ಟರ್, ಹೊರಡೋಣ” ಎಂದು ನಗುತ್ತಿದ್ದರು. ಜನ ಏನೇ ಹೇಳಲಿ, ಅವರು ಯಾವ ರೋಗಿಗೂ ಏಸುವಿನ ಮಾತು ಎತ್ತಿದ್ದನ್ನು ನಾನು ಕಂಡಿಲ್ಲ. ಸ್ಟ್ರೆಚರ್ ಹಿಡಿಯಲು ಜನ ಸಾಲದಿದ್ದರೆ ತಾವೇ ಶೂ ಬಿಚ್ಚಿಟ್ಟು ಕೈಹಾಕುತ್ತಿದ್ದರು.

ನಮಗೆ ಇಳಿಯುವ ಜಾಗವೆಂದರೆ ಒಣಗಿದ ಕೆರೆಯಂಗಳಗಳು. ಆ ಸೀಮೆಯ ಕೆರೆಗಳಲ್ಲಿ ಎಷ್ಟೋ ವರ್ಷಗಳಿಂದ ನೀರು ನಿಂತಿರಲಿಲ್ಲ. ಜಾಲಿ ಕಡಿದು, ತಗ್ಗು ಮುಚ್ಚಿಸಿದರೆ ನೆಲ ಕಲ್ಲಿನ ಹಾಗೆ ಗಟ್ಟಿ. ಆದರೂ ಕೆರೆಯಂಗಳವನ್ನು ಕಣ್ಣು ಮುಚ್ಚಿಕೊಂಡು ನಂಬುವ ಹಾಗಿಲ್ಲ. ನಿನ್ನೆ ಸಮವಾಗಿದ್ದ ಕಡೆ ಯಾರೋ ಜೆಸಿಬಿ ತಂದು ಹೂಳು ತುಂಬಿಕೊಂಡು ಹೋಗಿ, ಆಳುದ್ದದ ಗುಂಡಿ ಬಿಟ್ಟಿರುತ್ತಾರೆ. ಅದಕ್ಕೇ ಪ್ರತಿ ಕೆರೆಗೂ ಆ ಊರಿನವರೊಬ್ಬರನ್ನು ಗೊತ್ತು ಮಾಡಿದ್ದರು. ಅವರು ಅಂಗಳವನ್ನು ಉದ್ದಕ್ಕೂ ನಡೆದು ನೋಡಿ, ಎಲ್ಲ ಸರಿಯಿದ್ದರೆ ತುದಿಯಲ್ಲಿ ಎರಡು ಪಂಚೆ ಸೇರಿಸಿ ಹೊಲಿದ ಬಿಳಿ ಬಟ್ಟೆ ಹಾಸಬೇಕು. ಬಟ್ಟೆ ಕಂಡರೆ ಇಳಿಯುವುದು, ಇಲ್ಲದಿದ್ದರೆ ವಾಪಸ್ಸು. ಹಾಸಿದವರು ಅದನ್ನು ಎತ್ತಿಬಿಟ್ಟರೆ ಆ ದಿನ ಅಲ್ಲಿ ಇಳಿಯುವಂತೆಯೇ ಇಲ್ಲ. ಎತ್ತಿ ಮತ್ತೆ ಹಾಸಿದರೂ ಇಲ್ಲ. ಈ ಕಟ್ಟು ಮಾಡಿದ್ದಕ್ಕೂ ಕಾರಣವಿತ್ತು. ಹಿಂದೊಮ್ಮೆ ಬೇರೊಂದು ಕೆರೆಯಲ್ಲಿ ಎಮ್ಮೆಗಳು ನುಗ್ಗಿದವೆಂದು ಕಾವಲಿನವನು ಬಟ್ಟೆ ಎತ್ತಿದ್ದ. ವಿಮಾನ ಇಳಿಯುವುದನ್ನು ನೋಡಲು ನೆರೆದಿದ್ದ ಜನ, ನಮ್ಮೂರಿಗೆ ಬಂದದ್ದು ಸುಮ್ಮನೆ ಹೋಗುವುದುಂಟೇ ಎಂದು ಅವನ ಕೈಯಿಂದ ಕಿತ್ತುಕೊಂಡು ಮತ್ತೆ ಹಾಸಿದ್ದರು. ಆವತ್ತು ಎಮ್ಮೆಗಳ ನಡುವೆ ಹೇಗೋ ನುಸುಳಿ ನಿಂತ ಮೇಲೆ ಜಯರಾಜ್ ಸರ್ ಗಂಟಲು ಕಟ್ಟುವಷ್ಟು ಕೂಗಾಡಿದ್ದರಂತೆ.

ರಾಯಚರ್ಲು ದಾಟಿ ಆಂಧ್ರದ ಗಡಿ ಕಡೆ ಹೋದರೆ ಸಿಗುವ ಒಂದು ಹಳ್ಳಿಯ ಕೆರೆಯಲ್ಲಿ ಬಟ್ಟೆ ಹಾಸುತ್ತಿದ್ದವರು ಅಂಜಿನಪ್ಪ. ಇದ್ದ ಹೊಲವನ್ನು ಸೋಲಾರಿಗೆ ಗುತ್ತಿಗೆ ಕೊಟ್ಟು, ಮೇಕೆ ಸಾಕಿಕೊಂಡಿದ್ದವರು. ಯಾವಾಗ ನೋಡಿದರೂ ತಲೆಗೆ ಕೆಂಪು ಟವೆಲ್ಲಿನ ರುಮಾಲು. ಹಿಂದೆ ಬಾವಿ ಕೆಲಸದಲ್ಲಿ ಎಡಗಾಲು ಮುರಿದುಕೊಂಡಿದ್ದರಿಂದ ಮೈಯೆಲ್ಲ ಒಂದು ಕಡೆ ಎಳೆದು ಹೆಜ್ಜೆ ಹಾಕುತ್ತಿದ್ದರು. ಪಾವಗಡದ ಗಾಳಿ ನಿಮಗೆ ಗೊತ್ತಿದ್ದರೆ ಅವರ ಕೆಲಸದ ಅಚ್ಚುಕಟ್ಟು ಅರ್ಥವಾಗುತ್ತದೆ. ಬಟ್ಟೆಯ ಮೂಲೆಗಳಿಗೆ ಕಲ್ಲು ಹೇರಿದರೆ ಸಾಲದೆಂದು, ಕೊಡದಲ್ಲಿ ನೀರು ತಂದು ಕೆರೆಯ ಮಣ್ಣನ್ನೇ ಕಲಸಿ ಕಲ್ಲಿನ ಸುತ್ತ ಗೋಡೆಗೆ ಮೆತ್ತಿದ ಹಾಗೆ ಮೆತ್ತುತ್ತಿದ್ದರು. ಆ ಜೇಡಿಮಣ್ಣು ಬಿಸಿಲಿಗೆ ಬೇಗ ಗಟ್ಟಿಯಾಗುತ್ತಿತ್ತು. ನಾವು ಹೋದ ಮೇಲೆ ಅದನ್ನು ಗುದ್ದಲಿ ತುದಿಯಿಂದ ಒಡೆದು ಬಟ್ಟೆ ಬಿಡಿಸಬೇಕು. “ಇದೇನ್ ಅಂಜಿನಪ್ನೋರೆ, ಬಟ್ಟೆಗೆ ಸಮಾಧಿ ಕಟ್ದಂಗೆ ಕಟ್ಟೀರಿ” ಎಂದು ನಾನು ರೇಗಿಸಿದ್ದೆ. “ಗಾಳಿಗ್ ಎದ್ಬುಟ್ರೆ ನೀವು ತಿರುಗ್ಸ್ಕಂಡ್ ಹೋಗ್ಬುಡ್ತೀರಲ್ಲ ತಲ್ಲೀ, ಅದಕ್ಕೇಯ” ಎಂದಿದ್ದರು. ಗಡಿಯ ಕಡೆಯವರು, ತೆಲುಗಿನಲ್ಲಿ ತಾಯಿಯನ್ನು ಕರೆದ ಹಾಗೆ ನನ್ನನ್ನು ತಲ್ಲೀ ಎಂದೇ ಕರೆಯುತ್ತಿದ್ದರು.

ಆವತ್ತು ಫೋನ್ ಬಂದಾಗ ನಾನು ಹಗಲಿನ ಡ್ಯೂಟಿ ಮುಗಿಸಿ ಹೊರಡುವುದರಲ್ಲಿದ್ದೆ. ಅಂಜಿನಪ್ಪನ ಒಬ್ಬಳೇ ಮಗಳು ನಾಗವೇಣಿ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಗಿನ ಜಾವ ನೋವು ಕಾಣಿಸಿಕೊಂಡು, ಗಾಡಿ ಕರೆಸುವಷ್ಟರಲ್ಲಿ ಮನೆಯಲ್ಲೇ ಹೆರಿಗೆ ಆಗಿಹೋಗಿತ್ತು. ಹೆಣ್ಣುಮಗು, ಚೆನ್ನಾಗಿತ್ತು. ಬಾಣಂತಿಯೂ ಚೆನ್ನಾಗಿದ್ದಾಳೆ ಎಂದುಕೊಂಡಿರುವಾಗ ಮಧ್ಯಾಹ್ನದ ಮೇಲೆ ರಕ್ತ ಹೋಗಲು ಶುರುವಾಗಿ, ನಿಲ್ಲಲೇ ಇಲ್ಲ. ಆಂಬುಲೆನ್ಸ್ ಇನ್ನೊಂದು ಕೇಸಿಗೆ ಹೋಗಿತ್ತಂತೆ. “ಕೆರೆ ನಡ್ದ್ ನೋಡಿವ್ನಿ, ಎಲ್ಲಾ ಸರಿಗೈತೆ, ಬಟ್ಟೆ ಹಾಸೋಕ್ ಹೊಂಟಿವ್ನಿ, ಬೇಗ್ ಬನ್ನಿ ತಲ್ಲೀ” ಎಂದರು ಅಂಜಿನಪ್ಪ. ತಾಯಿ ಕಾರ್ಡ್ ನೋಡಿಸಿ ಅವಳ ರಕ್ತದ ಗುಂಪು ಕೇಳಿಕೊಂಡೆ. ನಮ್ಮಲ್ಲಿ ಆ ರಕ್ತವಿತ್ತು. ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆವು. ಇಳಿದ ಕೂಡಲೇ ಅಲ್ಲೇ ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು, ರಕ್ತ ಹಚ್ಚಿಕೊಂಡೇ ವಾಪಸ್ಸು ಹಾರುವುದು ಎಂದು ಮನಸ್ಸಿನಲ್ಲೇ ಎಲ್ಲ ಜೋಡಿಸಿಕೊಂಡಿದ್ದೆ. ಇಂಥವರನ್ನು ಉಳಿಸಿಕೊಂಡ ಅನುಭವ ನನಗಿತ್ತು. ಇವಳೂ ಉಳಿಯುತ್ತಾಳೆ ಎಂಬ ಧೈರ್ಯವಿತ್ತು.

ಪಾವಗಡದ ಹತ್ತಿರ ಹೋಗುವಾಗ ಹೊತ್ತು ಇಳಿದಿತ್ತು. ಆ ಹೊತ್ತಿನಲ್ಲಿ ಮೇಲಿನಿಂದ ನೋಡಿದರೆ ಸೋಲಾರ್ ಹಲಗೆಗಳೆಲ್ಲ ಹೊಳೆದು, ತುಂಬಿದ ಕೆರೆಯೇ ಅನ್ನಿಸುತ್ತದೆ. ನಮ್ಮ ಕೆರೆ ಅದರಿಂದ ಬಹಳ ಆಚೆಗೆ, ಸಣ್ಣ ಗುಡ್ಡದ ಮರೆಯಲ್ಲಿತ್ತು. ಅಲ್ಲಿ ಆ ಹೊಳಪು ಇರಲಿಲ್ಲ. ದೂರದಿಂದಲೇ ಬಿಳಿ ಬಟ್ಟೆ ಕಂಡಿತು. ಏರಿಯ ಮೇಲೆ ಜನ, ಏರಿಯ ಕೆಳಗೆ ಒಂದು ಹಗ್ಗದ ಮಂಚ, ಮಂಚಕ್ಕೆ ನೆರಳು ಮಾಡಲು ಸೀರೆ ಹಿಡಿದುಕೊಂಡ ಹೆಂಗಸರು. ಬಟ್ಟೆಯ ಪಕ್ಕದಲ್ಲಿ ಕೆಂಪು ರುಮಾಲು. ಜಯರಾಜ್ ಸರ್ ಒಮ್ಮೆ ಅಂಗಳದ ಮೇಲೆ ಹಾದು ನೋಡಿ, ದೊಡ್ಡ ತಿರುವು ತೆಗೆದುಕೊಂಡು ಇಳಿಯಲು ಕೆಳಗೆ ಬಂದರು.

ಇಲ್ಲಿಂದ ಮುಂದೆ ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ. ನಾವು ಬಟ್ಟೆಯ ಕಡೆಗೇ ನೇರವಾಗಿ ಬರುತ್ತಿದ್ದೆವು. ಅಂಜಿನಪ್ಪ ಬಗ್ಗಿದರು. ಬಟ್ಟೆಯ ಒಂದು ಅಂಚು ಹಿಡಿದು ತಮ್ಮ ಕಡೆಗೆ ಎಳೆದುಕೊಳ್ಳತೊಡಗಿದರು. ಅವಸರವಿಲ್ಲ. ಒಣಹಾಕಿದ ಸೀರೆಯನ್ನು ಸಂಜೆ ಒಳಗೆ ತರುವವರ ಹಾಗೆ ಎಳೆದು, ಮಡಿಸಿ, ಮತ್ತೆ ಮಡಿಸಿ, ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ ತಲೆಯೆತ್ತಿ ನಮ್ಮನ್ನು ನೋಡಿದರು. ಕೈ ಆಡಿಸಲಿಲ್ಲ, ಬೇಡ ಅನ್ನಲಿಲ್ಲ. ನೋಡಿ, ತಿರುಗಿ, ಎಡಗಾಲೆಳೆದುಕೊಂಡು ಹೊರಟರು. ಜನರಿದ್ದ ಏರಿಯ ಕಡೆಗಲ್ಲ, ಖಾಲಿ ಕೆರೆಯ ಒಳಕ್ಕೆ. ನಾನು ಏನನ್ನಾದರೂ ಹೇಳುವ ಮೊದಲೇ ಜಯರಾಜ್ ಸರ್, “ಬಟ್ಟೆ ಎತ್ತಿದ ಅಂಜಿನಪ್ಪ” ಎಂದು ವಿಮಾನವನ್ನು ಮೇಲಕ್ಕೆ ಎಳೆದರು. ಎಂಜಿನ್ನಿನ ಸದ್ದಿಗೆ ಎದೆಯೆಲ್ಲ ಅದುರಿತು.

ಇನ್ನೊಂದು ಸುತ್ತು ಹಾಕಿದೆವು. ಬಟ್ಟೆ ಇರಲಿಲ್ಲ. ಕೆಂಪು ರುಮಾಲೂ ಕಾಣಲಿಲ್ಲ. ಏರಿಯ ಮೇಲಿನ ಜನ ಮಾತ್ರ ಎರಡೂ ಕೈ ಎತ್ತಿ ಆಡಿಸುತ್ತಿದ್ದರು. ಅಂಗಳದಲ್ಲಿ ನನ್ನ ಕಣ್ಣಿಗೆ ಗುಂಡಿ ಕಾಣಲಿಲ್ಲ, ದನ ಕಾಣಲಿಲ್ಲ. “ಸರ್, ನೆಲ ಚೆನ್ನಾಗಿದೆ, ಇಳೀರಿ” ಎಂದು ಕೂಗಿದೆ. ಅವರು ತಲೆಯಾಡಿಸಿದರು. “ಅವನ ಮಗಳೇ ಮಲಗಿದಾಳೆ ಸಿಸ್ಟರ್. ಆದರೂ ಎತ್ತಿದ ಅಂದರೆ ಎಂಥದ್ದು ನೋಡಿರಬೇಕು ಹೇಳಿ” ಎಂದರು. ಬೆಳಕು ಹೋಗುತ್ತಿತ್ತು. ಅಂಜಿನಪ್ಪನ ಫೋನಿಗೆ ಮತ್ತೆ ಮತ್ತೆ ಪ್ರಯತ್ನಿಸಿದೆ; ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ. ಅದು ಮನೆಯಲ್ಲೇ ಚಾರ್ಜಿಗೆ ಹಾಕಿದ್ದಲ್ಲೇ ಇತ್ತೆಂದು ಆಮೇಲೆ ಗೊತ್ತಾಯಿತು. ನಾವು ತಿರುಗಿದೆವು.

ಆಸ್ಪತ್ರೆಗೆ ಮರಳಿ ಇಳಿದ ಮೇಲೆ ಅಂಜಿನಪ್ಪನ ಅಳಿಯ ರಂಗನಾಥನ ಫೋನ್ ಬಂತು. ಸಿರಾದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದವನು, ಮಗು ನೋಡಲು ಬಂದಿದ್ದ. “ಯಾಕ್ ಸಿಸ್ಟರ್ ವಾಪಸ್ ಹೋದ್ರಿ? ಯಾಕ್ ಇಳೀಲಿಲ್ಲ?” ಎಂದು ಅರಚುತ್ತಿದ್ದ. ಅಷ್ಟರಲ್ಲಿ ನಾಗವೇಣಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಪಾವಗಡದ ದಾರಿ ಹಿಡಿದಿದ್ದರು. ಫೋನನ್ನು ಅವಳ ತಾಯಿಗೆ ಕೊಡಿಸಿ, ಹೊಕ್ಕುಳ ಕೆಳಗೆ ಗರ್ಭಕೋಶ ಎಲ್ಲಿ ಸಿಗುತ್ತದೆ, ಹೇಗೆ ಉಜ್ಜಬೇಕು, ಹೇಗೆ ಒತ್ತಿ ಹಿಡಿಯಬೇಕು ಎಂದು ಹೇಳುತ್ತಾ ಹೋದೆ. “ಕೈ ಬಿಡ್ಬೇಡಿ ಅಮ್ಮ, ಗಟ್ಟಿಯಾಗಿ ಒತ್ತಿ, ಅವಳ ಹೆಸ್ರು ಹಿಡ್ದು ಕರೀತಾ ಇರಿ” ಎಂದೆ. ಆ ತಾಯಿ ಕರೆಯುತ್ತಿದ್ದರು. ನಾಗೂ, ನಾಗೂ ಎನ್ನುವುದು ಗಾಡಿಯ ಕುಲುಕಾಟದಲ್ಲಿ ತುಂಡುತುಂಡಾಗಿ ಕೇಳುತ್ತಿತ್ತು. ಆಮೇಲೆ “ಕೈಕಾಲ್ ತಣ್ಣಗಾಗ್ತಾವೆ ಸಿಸ್ಟ್ರಮ್ಮ” ಎಂದರು. ಆಮೇಲೆ ಕರೆಯುವುದನ್ನು ನಿಲ್ಲಿಸಿದರು. ರಕ್ತದ ಪೆಟ್ಟಿಗೆ ನನ್ನ ಕಾಲ ಬಳಿಯೇ ಇತ್ತು. ಎಷ್ಟೋ ಸಾವು ಕಂಡಿದ್ದೇನೆ, ಆ ಫೋನಿನಷ್ಟು ಯಾವುದೂ ನನ್ನನ್ನು ಅಲ್ಲಾಡಿಸಲಿಲ್ಲ.

ಮರುದಿನ ನಾನೂ ಜಯರಾಜ್ ಸರ್ರೂ ಜೀಪಿನಲ್ಲಿ ಹೋದೆವು. ಮಣ್ಣು ಮುಗಿಸಿ ಜನ ಅಂಜಿನಪ್ಪನ ಮನೆಯ ಮುಂದೆ ಕೂತಿದ್ದರು. ನಮ್ಮನ್ನು ನೋಡಿದವರೇ ಅಂಜಿನಪ್ಪ ಎದ್ದು ಬಂದು, ಬೈಯಲಿಲ್ಲ, ಹೊಡೆಯಲಿಲ್ಲ, ನನ್ನ ಕೈ ಹಿಡಿದುಕೊಂಡು, “ಯಾಕ್ ತಲ್ಲೀ ಇಳೀಲಿಲ್ಲ? ಬಟ್ಟೆ ಹಾಸಿದ್ನಲ್ಲ” ಎಂದರು. ಜಯರಾಜ್ ಸರ್ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ತಡೆದುಕೊಳ್ಳಲಾರದೆ ಎಲ್ಲರ ಎದುರಿಗೇ ಹೇಳಿಬಿಟ್ಟರು, “ಹಾಸಿದ್ದೆ ಅಂಜಿನಪ್ಪ, ಆದರೆ ನೀನೇ ಎತ್ತಿದೆಯಲ್ಲ. ನಾನೂ ನೋಡಿದೆ, ಸಿಸ್ಟರೂ ನೋಡಿದರು.” ಅಂಜಿನಪ್ಪ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. ತಾವು ಬಟ್ಟೆಯ ಪಕ್ಕದಲ್ಲೇ ಕೈಮುಗಿದು ನಿಂತಿದ್ದುದಾಗಿ, ಒಂದು ಹೆಜ್ಜೆ ಕದಲಿಲ್ಲವೆಂದು ಆಣೆ ಮಾಡಿದರು. ಏರಿಯ ಮೇಲಿದ್ದವರನ್ನು ಕೇಳಿ ಎಂದರು. ಕೇಳಿದೆವು. ಮೊದಲು ಒಬ್ಬಿಬ್ಬರು ಹೌದು, ಅಲ್ಲೇ ನಿಂತಿದ್ದ ಎಂದರು. ಆಮೇಲೆ ಒಬ್ಬಾತ, “ನಾವು ಇಮಾನ ನೋಡ್ತಿದ್ವಿ ಕಣಣ್ಣ, ಅಂಜಿನಪ್ಪನ್ನ ಯಾರ್ ನೋಡ್ತಿದ್ರು?” ಎಂದ. ಉಳಿದವರು ಸುಮ್ಮನಾದರು. ರಂಗನಾಥ ಎದ್ದು ಒಳಗೆ ಹೋದ.

ನಾನು ಕೆರೆಗೆ ಹೋದೆ. ನೋಡದೆ ಬರಲು ಮನಸ್ಸಾಗಲಿಲ್ಲ. ಬಟ್ಟೆ ಅಲ್ಲೇ ಇತ್ತು. ದುಃಖದಲ್ಲಿ ಯಾರೂ ಆ ಕಡೆ ತಲೆಹಾಕಿರಲಿಲ್ಲ. ಮೂಲೆಮೂಲೆಗೂ ಕಲ್ಲು, ಕಲ್ಲಿನ ಸುತ್ತ ಮೆತ್ತಿದ ಮಣ್ಣು. ಆ ಮಣ್ಣಿನಲ್ಲಿ ಅಂಜಿನಪ್ಪನ ಬೆರಳುಗಳ ಗುರುತು ಹಾಗೇ ಒಣಗಿ ನಿಂತಿತ್ತು. ಎಲ್ಲೂ ಬಿರುಕಿಲ್ಲ. ಒಂದು ಮೂಲೆಯನ್ನು ಎಳೆದು ನೋಡಿದೆ, ಕದಲಲಿಲ್ಲ. ಜೀಪಿನ ಲಿವರ್ ತಂದು ಮೀಟಿದ ಮೇಲೆ ಹೆಂಟೆಹೆಂಟೆಯಾಗಿ ಎದ್ದಿತು. ನಾವು ಕಂಡ ಹಾಗೆ, ಅಂಚು ಹಿಡಿದು ಎಳೆದುಕೊಂಡರೆ ಬರುವ ಬಟ್ಟೆಯೇ ಅಲ್ಲ ಅದು. ಎತ್ತಿ ಮತ್ತೆ ಹಾಸಿ ಮೆತ್ತಿದ್ದರೆ ಎನ್ನುತ್ತೀರಿ. ವಿಮಾನ ತಿರುಗಿದ ಕೂಡಲೇ ಮಗಳ ಜೊತೆ ಟೆಂಪೋ ಹತ್ತಿದ ಮನುಷ್ಯ ಹೆಣದ ಜೊತೆಯಲ್ಲೇ ಊರಿಗೆ ಮರಳಿದ್ದರು. ಮರಳಿದವರನ್ನು ಜನ ಒಂದು ಗಳಿಗೆಯೂ ಒಬ್ಬರೇ ಬಿಟ್ಟಿರಲಿಲ್ಲ. ಜಯರಾಜ್ ಸರ್ ಅಂಗಳವನ್ನು ಉದ್ದಕ್ಕೂ ನಡೆದು ಬಂದರು. ನೆಲ ಗಟ್ಟಿಯಾಗಿತ್ತು. ಮಣ್ಣಿನ ಹೆಂಟೆಗಳನ್ನು ನೋಡಿ ಅವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಊರಿಗೆ ಮರಳಿ ಈ ಮಣ್ಣಿನ ವಿಷಯ ಹೇಳುವ ಧೈರ್ಯ ಇಬ್ಬರಿಗೂ ಬರದೆ, ಕೆರೆಯಿಂದಲೇ ಹೊರಟುಬಿಟ್ಟೆವು.

ಆ ವಾರವೇ ಮೆಕ್ಯಾನಿಕ್ ವಿಮಾನದ ಒಂದು ಗಾಲಿಯ ಬುಡದಲ್ಲಿ ಬಿರುಕು ಕಂಡುಹಿಡಿದ. ಕೆರೆಯಂಗಳದಂಥ ನೆಲಕ್ಕೆ ಇಳಿದಿದ್ದರೆ ಮುರಿಯುತ್ತಿತ್ತೇನೋ ಎಂದ. ಮುರಿಯದೆಯೂ ಇರಬಹುದಿತ್ತು, ನಮ್ಮದೇ ಮಣ್ಣಿನ ರನ್‌ವೇಗೆ ಇಳಿದಾಗ ಏನೂ ಆಗಲಿಲ್ಲವಲ್ಲ ಎಂದೂ ಅವನೇ ಹೇಳಿದ. ಜಯರಾಜ್ ಸರ್ ಮೊದಲ ಮಾತನ್ನು ಮಾತ್ರ ಹಿಡಿದುಕೊಂಡರು. ದೇವರು ನಮ್ಮನ್ನು ಕಾಪಾಡಿದ, ತನ್ನ ದೂತನನ್ನು ಕಳಿಸಿದ ಎಂದರು. ನನಗೆ ಮೈಯೆಲ್ಲ ಉರಿಯಿತು. “ನಾಗವೇಣೀನ ಯಾರು ಕಾಪಾಡಬೇಕಿತ್ತು ಸರ್?” ಎಂದೆ. ಅವರ ಕಣ್ಣಲ್ಲಿ ನೀರು ತುಂಬಿತು. ಅಷ್ಟು ಒರಟಾಗಿ ಕೇಳಬಾರದಿತ್ತೇನೋ, ಆದರೆ ಈಗಲೂ ನಾನು ಕೇಳುವುದು ಅದನ್ನೇ. ಇಬ್ಬರನ್ನು ಉಳಿಸಲು ಬಾಣಂತಿಯೊಬ್ಬಳನ್ನು ಬಲಿ ಕೊಡುವ ದೂತ ನನಗೆ ಬೇಡ. ಸ್ವಲ್ಪ ಕಾಲಕ್ಕೆ ವಿಮಾನವೂ ಹೋಯಿತು, ಅವರೂ ಕೆಲಸ ಬಿಟ್ಟು ಊರಿಗೆ ಹೋದರು. ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಾರೆ. ಮಕ್ಕಳ ವಿಚಾರ, ಮಂಡಿನೋವಿನ ವಿಚಾರ ಮಾತಾಡುತ್ತೇವೆ.

ಆ ಹಳ್ಳಿಯಲ್ಲಿ ನಡೆದದ್ದು ಮಾತ್ರ ನನಗೆ ಬಹಳ ದಿನ ಗೊತ್ತಾಗಲಿಲ್ಲ. ರಂಗನಾಥ ಹನ್ನೊಂದರ ಶಾಸ್ತ್ರ ಮುಗಿಯುವವರೆಗೂ ಕಾಯದೆ ಮಗುವನ್ನು ಎತ್ತಿಕೊಂಡು ಹೋಗಿದ್ದ. ಮಗಳನ್ನು ಕೊಂದ ಮನೆಯಲ್ಲಿ ನನ್ನ ಮಗು ಬೆಳೆಯುವುದು ಬೇಡ ಎಂದಿದ್ದ. ಓದಿದವರು ಇಬ್ಬರು ಕಣ್ಣಾರೆ ಕಂಡದ್ದು ಸುಳ್ಳಾಗುವುದಿಲ್ಲ ಎಂದು ಊರೂ ತೀರ್ಮಾನಿಸಿತ್ತು. ಗಾಳಿಗೆ ಸರಿಮಾಡಲು ಹೋಗಿ ಎತ್ತಿರಬೇಕು, ಗಾಬರಿಯಲ್ಲಿ ಮರೆತಿದ್ದಾನೆ ಎಂದು ಒಳ್ಳೆಯವರು ಹೇಳಿದರು. ಕೆಟ್ಟವರು ಏನು ಹೇಳಿದರೆಂದು ಬರೆಯುವುದಿಲ್ಲ. ಹೆಂಡತಿಯೂ ತೀರಿಕೊಂಡ ಮೇಲೆ ಅಂಜಿನಪ್ಪ ಒಬ್ಬರೇ ಆಗಿದ್ದರು.

ಇಷ್ಟು ವರ್ಷಗಳಾದ ಮೇಲೆ, ಹೋದ ಬೇಸಿಗೆಯಲ್ಲಿ ಅವರು ವಿಳಾಸ ಹುಡುಕಿಕೊಂಡು ಕೊರಟಗೆರೆಯಲ್ಲಿ ನಾನೀಗ ಕೆಲಸ ಮಾಡುವ ಕ್ಲಿನಿಕ್ಕಿಗೆ ಬಂದರು. ತುಂಬಾ ಇಳಿದುಹೋಗಿದ್ದರು. ನೀರು ಕುಡಿದು, “ಮೊಮ್ಮಗಳ್ನ ಒಂದ್ ಕಿತಾ ನೋಡ್ಬೇಕು ತಲ್ಲೀ. ನೀವ್ ಬಂದು ಹೇಳಿದ್ರೆ ರಂಗನಾಥ ಬುಟ್ಟಾನು. ನಾನ್ ಬಟ್ಟೆ ಎತ್ಲಿಲ್ಲ ಅಂತ ಒಂದ್ ಮಾತ್ ಹೇಳ್ಬುಡಿ” ಎಂದರು. ಕೇಳುವಾಗ ಅವರಿಗೆ ನಾಚಿಕೆಯಾಗುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ರಜೆ ಹಾಕಿ ಅವರ ಜೊತೆ ಸಿರಾಕ್ಕೆ ಹೊರಟೆ.

ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಯೋಚಿಸಿದೆ. ಮೆತ್ತಿದ ಮಣ್ಣಿನ ವಿಷಯ ಹೇಳಬಹುದು. ಎತ್ತಿದ್ದನ್ನು ಕಂಡೆ, ಆದರೆ ಇವರು ಎತ್ತಲಿಲ್ಲ ಎನ್ನಬಹುದು. ಯಾರು ಕೇಳುತ್ತಾರೆ ಈ ಮಾತನ್ನು? ನಾನಾಗಿದ್ದರೆ ಹಾಗೆ ಹೇಳಿದವರ ಬಿ.ಪಿ. ನೋಡುತ್ತಿದ್ದೆ. ರಂಗನಾಥನ ಮನೆಯ ಜಗಲಿಯಲ್ಲಿ ಕೂತಾಗಲೂ ನಿರ್ಧಾರವಾಗಿರಲಿಲ್ಲ. ಅವನು ಮಾವನ ಕಡೆ ತಿರುಗಿಯೂ ನೋಡದೆ, “ಏನ್ ಬಂದ್ರಿ?” ಎಂದ ರೀತಿಗೆ ನನ್ನ ಬಾಯಿಂದ ತಾನಾಗಿಯೇ ಬಂತು. “ನಿಮ್ಮಾವ ಆವತ್ತು ಬಟ್ಟೆ ಎತ್ಲಿಲ್ಲ. ಬೆಳಕು ಹೋಗ್ತಿತ್ತು, ನಂಗೆ ಹೆದ್ರಿಕೆ ಆಯ್ತು. ಎತ್ತಿದ್ರು ಅಂತ ನಾನೇ ಪೈಲಟ್‌ಗೆ ಸುಳ್ಳು ಹೇಳ್ದೆ. ನನ್ ಮಾತು ಕೇಳ್ಕೊಂಡು ಅವ್ರೂ ಹಂಗೇ ಹೇಳಿದ್ರು” ಎಂದೆ.

ರಂಗನಾಥನ ಮುಖ ಕಪ್ಪಿಟ್ಟಿತು. “ನಿಮ್ ಬಾಯಿಗ್ ಮಣ್ಣಾಕ” ಎಂದ. ಇನ್ನೂ ಏನೇನೋ ಅಂದ. ಅವನ ಹೆಂಡತಿಯನ್ನು ಕೊಂದವಳು ಎದುರಿಗೆ ಕೂತಿದ್ದಾಳೆ, ಅನ್ನದೆ ಇರುತ್ತಾನೆಯೇ? ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಕೊನೆಗೆ ಅವನೇ ಅಳುತ್ತಾ ಮಾವನ ಕಾಲ ಬಳಿ ಕೂತ. ಅವನ ಈಗಿನ ಹೆಂಡತಿ, ಒಳ್ಳೆಯ ಹೆಣ್ಣುಮಗಳು, ಒಳಗಿನಿಂದ ಮಗುವನ್ನು ಕರೆತಂದು ಮುಂದೆ ನಿಲ್ಲಿಸಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿತ್ತು. ಅಂಜಿನಪ್ಪ ಟವೆಲ್ಲಿನ ಗಂಟು ಬಿಚ್ಚಿ ಕಡಲೆಕಾಯಿ ಉಂಡೆ ತೆಗೆದು ಕೊಟ್ಟು, “ನಿನ್ ಹೆಸ್ರೇನ್ ಬಂಗಾರಾ?” ಎಂದು ಕೇಳಿದರು. ಮೊಮ್ಮಗಳಿಗೆ ಏನು ಹೆಸರಿಟ್ಟಿದ್ದಾರೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಮಗು ಹೆಸರು ಹೇಳಿತು. ಅವರು ಅದನ್ನು ತಮ್ಮಷ್ಟಕ್ಕೆ ಹಲವು ಸಲ ಹೇಳಿಕೊಂಡರು. ಇನ್ನು ಯಾವಾಗ ಬೇಕಾದರೂ ಬನ್ನಿ ಮಾವ ಎಂದ ರಂಗನಾಥ. ನನಗೆ ಮಾತ್ರ ಮತ್ತೆ ಈ ಹೊಸ್ತಿಲು ತುಳಿಯಬೇಡಿ ಎಂದ.

ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತೆವು. ಅವರು ಖುಷಿಯಾಗಿರುತ್ತಾರೆ ಎಂದುಕೊಂಡಿದ್ದೆ. ಖುಷಿಯೂ ಇತ್ತು. ಆದರೆ ಏನೋ ಕೊರೆಯುತ್ತಿರುವವರ ಹಾಗೆ ನನ್ನನ್ನೇ ನೋಡುತ್ತಿದ್ದರು.

“ಸುಳ್ ಹೇಳಿದ್ರಿ ತಲ್ಲೀ” ಎಂದರು. “ನಂಗೋಸ್ಕರ ಹೇಳಿದ್ರಿ. ನೀವ್ ಹೆದರ್ಕಂಡು ತಿರುಗೋರಲ್ಲ, ನಂಗೊತ್ತಿಲ್ವಾ?”

ನಾನು ಪಾವಗಡದ ಬಸ್ಸು ಬಂತೇ ಎಂದು ಆ ಕಡೆ ನೋಡಿದೆ.

“ನಿಜ ಹೇಳಿ. ಎತ್ತಿದ್ದ ಕಂಡ್ರಾ?”

“ಕಂಡೆ” ಎಂದೆ. ಅವರಿಗೆ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ.

“ನನ್ನೇ ಕಂಡ್ರಾ?”

“ರುಮಾಲು ಕಂಡೆ. ಕಾಲೆಳ್ಕೊಂಡು ನಡ್ದಿದ್ದ ಕಂಡೆ. ಆದ್ರೆ ಅದು ನೀವಲ್ಲ ಅಂಜಿನಪ್ನೋರೆ. ಮಣ್ಣು ಹಂಗೇ ಇತ್ತು, ನಾನೇ ಮೀಟಿ ನೋಡಿದೀನಿ.”

ಎದುರಿಗೆ ಒಂದು ಬಸ್ಸು ಬಂದು ಜನರನ್ನು ಇಳಿಸಿ ಹೋಯಿತು. ಆಮೇಲೆ ಕೇಳಿದರು, “ನಾನ್ ಎತ್ಲಿಲ್ಲ. ನೀವೂ ಸುಳ್ ಕಂಡಿಲ್ಲ. ಹಂಗಾದ್ರೆ ನನ್ ರುಮಾಲ್ ಸುತ್ಕಂಡು, ನನ್ ಹಂಗೇ ಕುಂಟ್ಕಂಡು, ನನ್ ಮಗಳ್ನ ಸಾಯ್ಸೋಕ್ ಬಂದಿದ್ದೋನು ಯಾರ್ ತಲ್ಲೀ?”

ನನಗೆ ಗೊತ್ತಿಲ್ಲ ಎಂದೆ. ಆವತ್ತೂ ಗೊತ್ತಿರಲಿಲ್ಲ, ಇದನ್ನು ಬರೆಯುತ್ತಿರುವ ಈಗಲೂ ಗೊತ್ತಿಲ್ಲ. ಬಸ್ಸು ಬಂತು. ಅವರನ್ನು ಕೈಹಿಡಿದು ಹತ್ತಿಸಿ ಸೀಟಿನಲ್ಲಿ ಕೂರಿಸಿ ಕೆಳಗಿಳಿದೆ. ಬಸ್ಸು ಹೊರಟರೂ ಅವರು ಕಿಟಕಿಯಿಂದ ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದರು, ಇನ್ನೇನಾದರೂ ಹೇಳುತ್ತೇನೇನೋ ಎಂದು.